ಬಿಸಿಲು ಮತ್ತು ಬೆಳೆಗಳ ಕೀಟನಿರೋಧ

ಬೆಳೆಗಳಿಗೆ ಕೀಟಗಳಿಂದ ತಮ್ಮನ್ನು ಕಾಪಾಡಿಕೊಳ್ಳುವ ಸಹಜ ಶಕ್ತಿಯುಂಟು. ಸೂರ್ಯನ ಬೆಳಕು ಆ ಶಕ್ತಿಯನ್ನು ಹೆಚ್ಚಿಸುವ, ಕುಗ್ಗಿಸುವ, ಹೊತ್ತಿಗೆ ತಕ್ಕಂತೆ ತಿದ್ದುವ ಬಗೆಗಳ ವಿವರಣೆ ಇಲ್ಲಿದೆ. ಬಿಸಿಲು ಗಿಡಕ್ಕೆ ಅನ್ನ ಕೊಡುತ್ತದೆ ಎಂಬುದು ಶಾಲೆಯ ಪಾಠ. ಅದೇ ಬಿಸಿಲು ಗಿಡಕ್ಕೆ ಸುದ್ದಿಯನ್ನೂ ಕೊಡುತ್ತದೆ ಎಂಬ ತಿಳಿವಳಿಕೆ ಖಚಿತವಾದದ್ದು ಕಳೆದ ಎಪ್ಪತ್ತು ವರ್ಷಗಳಲ್ಲಿ. ಪಕ್ಕದಲ್ಲಿ ಬೇರೆ ಗಿಡವಿದೆಯೇ, ಹೊತ್ತು ಎಷ್ಟಾಯಿತು, ತಾನು ಬಯಲಲ್ಲಿದ್ದೇನೆಯೇ ಮರೆಯಲ್ಲಿದ್ದೇನೆಯೇ ಎಂಬುದನ್ನು ಗಿಡ ಬೆಳಕಿನಿಂದಲೇ ತಿಳಿದುಕೊಳ್ಳುತ್ತದೆ. ಹುಳುವಿನ ವಿರುದ್ಧ ಎಷ್ಟು ಖರ್ಚು ಮಾಡಬೇಕು ಎಂಬುದು ಬಹುಮಟ್ಟಿಗೆ ಈ ಸುದ್ದಿಯ ಮೇಲೆ ನಿಂತಿದೆ. ಬೇಸಾಯದ ಪುಸ್ತಕಗಳು ಅನ್ನದ ಮಾತನ್ನು ಧಾರಾಳವಾಗಿ ಹೇಳಿ ಸುದ್ದಿಯ ಮಾತನ್ನು ಬಿಟ್ಟುಬಿಡುತ್ತವೆ. ಕೀಟದ ವಿಷಯಕ್ಕೆ ಬಂದರೆ ಎರಡನೆಯದೇ ಹೆಚ್ಚು ಮುಖ್ಯ.

ಗಿಡದ ರಕ್ಷಣೆ ಎಂದರೆ ಏನೆಂದು ಕಣ್ಣಾರೆ ಕಾಣಬೇಕಾದರೆ ಹಿಂಗಾರಿನ ಕಡಲೆ ಹೊಲಕ್ಕೆ ಹೋಗಬೇಕು. ಉತ್ತರ ಕರ್ನಾಟಕದ ಎರೆಭೂಮಿಯಲ್ಲಿ ಚಳಿಗಾಲದ ನಸುಕಿನಲ್ಲಿ ಕಡಲೆಯ ಸಾಲಿನ ನಡುವೆ ನಡೆದರೆ ಮೊಣಕಾಲ ಕೆಳಗೆ ಒದ್ದೆಯಾಗುತ್ತದೆ, ಸ್ವಲ್ಪ ಹೊತ್ತಿಗೆ ಕಡಿತ ಶುರುವಾಗುತ್ತದೆ. ಬೆರಳನ್ನು ಎಲೆಗೆ ಸವರಿ ನಾಲಿಗೆಗೆ ಮುಟ್ಟಿಸಿದರೆ ಹುಣಿಸೆಯನ್ನು ನಾಚಿಸುವ ಹುಳಿ. ರಾತ್ರಿ ಗಿಡಗಳ ಮೇಲೆ ತೆಳು ಬಟ್ಟೆ ಹಾಸಿ, ಬೆಳಗ್ಗೆ ಇಬ್ಬನಿಯೊಂದಿಗೆ ಅದನ್ನು ಹಿಂಡಿ ಕಡಲೆ ಹುಳಿ ಕೂಡಿಸುವ ರೂಢಿ ಈ ಸೀಮೆಯಲ್ಲಿದೆ; ಹೊಟ್ಟೆನೋವಿಗೆ ಅದು ಮನೆಮದ್ದು. ಎಲೆ ಮತ್ತು ಕಾಯಿಯ ಮೇಲಿನ ಸಣ್ಣ ರೋಮಗಳ ತುದಿಯಿಂದ ಒಸರುವ ಈ ರಸದಲ್ಲಿ ಮುಖ್ಯವಾಗಿ ಮ್ಯಾಲಿಕ್ ಆಮ್ಲ ಮತ್ತು ಆಕ್ಸಾಲಿಕ್ ಆಮ್ಲ ಇರುತ್ತವೆ. ಹೈದರಾಬಾದಿನ ಬಳಿ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು 1995ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಕಾಯಿಕೊರಕದ ಮರಿಯ ಬೆಳವಣಿಗೆಯನ್ನು ತಡೆಯುವುದು ಇವುಗಳಲ್ಲಿ ಆಕ್ಸಾಲಿಕ್ ಆಮ್ಲ. ಹಗಲು ಬಿಸಿಲಿನಲ್ಲಿ ಕಟ್ಟಿದ ಸಕ್ಕರೆಯೇ ರೂಪ ಬದಲಿಸಿ ಹೀಗೆ ಹುಳಿಯಾಗಿ ಎಲೆಯ ಮೇಲೆ ಕಾವಲು ನಿಲ್ಲುತ್ತದೆ.

ಎಲ್ಲ ಬೆಳೆಗಳ ರಕ್ಷಣೆಯೂ ಹೀಗೆ ನಾಲಿಗೆಗೆ ಸಿಗುವುದಿಲ್ಲ. ದಪ್ಪ ಸಿಪ್ಪೆ, ನಾರು, ಭತ್ತ ಮತ್ತು ಕಬ್ಬಿನ ಎಲೆಯಲ್ಲಿ ಕೂಡುವ ಸಿಲಿಕಾ, ಹತ್ತಿ ಎಲೆಯ ರೋಮ ಇವು ಕಟ್ಟಡದಂಥ ರಕ್ಷಣೆಗಳು. ಎಳೆ ಜೋಳದಲ್ಲಿ ಸಯನೈಡ್ ಹೊಮ್ಮಿಸುವ ಧುರಿನ್, ಹತ್ತಿಯಲ್ಲಿ ಗಾಸಿಪಾಲ್, ಎಲೆಕೋಸು ಮತ್ತು ಸಾಸಿವೆಯಲ್ಲಿ ಘಾಟು ಕೊಡುವ ಗ್ಲುಕೋಸಿನೊಲೇಟ್ ಇವು ಸದಾ ಸಿದ್ಧವಿರುವ ವಿಷಗಳು. ಇವಲ್ಲದೆ, ಹುಳು ಕಚ್ಚಿದ ಮೇಲಷ್ಟೇ ತಯಾರಾಗುವ ಅಸ್ತ್ರಗಳೂ ಉಂಟು. ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಕ್ಲಾರೆನ್ಸ್ ರಯಾನ್ ಮತ್ತು ಗ್ರೀನ್ 1972ರಲ್ಲಿ ತೋರಿಸಿದ್ದು ಇದನ್ನೇ. ದುಂಬಿ ಆಲೂಗಡ್ಡೆಯ ಅಥವಾ ಟೊಮೆಟೊದ ಒಂದು ಎಲೆ ಕಡಿದರೆ, ಕಡಿಸಿಕೊಳ್ಳದ ಎಲೆಗಳಲ್ಲೂ ಕೀಟದ ಜೀರ್ಣರಸವನ್ನು ಕಟ್ಟಿಹಾಕುವ ಪ್ರೋಟೀನು ಕೂಡತೊಡಗುತ್ತದೆ. ಬೆಳಕು ಮತ್ತು ಉಷ್ಣತೆ ಈ ತಯಾರಿಕೆಯ ಮೇಲೆ ಪ್ರಭಾವ ಬೀರುತ್ತವೆ ಎಂಬುದನ್ನು ಅವರು ಮರುವರ್ಷವೇ ವರದಿ ಮಾಡಿದರು. ಆಗ ಅದು ಪ್ರಯೋಗದ ಒಂದು ವಿವರದಂತೆ ಕಂಡಿತ್ತು. ಇಂದು ನೋಡಿದರೆ ಈ ಇಡೀ ಶಾಖೆಯ ಬೀಜ ಅಲ್ಲಿದೆ.

ಗಾಯದ ಸುದ್ದಿಯನ್ನು ಗಿಡದೊಳಗೆ ಹರಡುವ ಮುಖ್ಯ ರಾಸಾಯನಿಕ ಜಾಸ್ಮೋನಿಕ್ ಆಮ್ಲ. ಅದರ ಬಂಧುವಾದ ಮೀಥೈಲ್ ಜಾಸ್ಮೋನೇಟ್ ಮೊದಲು ಗುರುತಾದದ್ದು 1962ರಲ್ಲಿ, ಜಾಜಿ ಮಲ್ಲಿಗೆಯ ಎಣ್ಣೆಯಲ್ಲಿ. ಹೆಸರು ಬಂದದ್ದೂ ಅಲ್ಲಿಂದಲೇ. ಮುಡಿಯುವ ಹೂವಿನ ಪರಿಮಳಕ್ಕೂ ಹುಳುವನ್ನು ಹಸಿವಿನಿಂದ ಕೊಲ್ಲುವ ಅಸ್ತ್ರಕ್ಕೂ ಇರುವ ಈ ನೆಂಟಸ್ತಿಕೆ ಯಾರೂ ಊಹಿಸಿದ್ದಲ್ಲ. ಬೆಳಕಿನ ಪ್ರಭಾವದ ಬಹುಪಾಲು ಕಥೆ ಕೊನೆಗೆ ಈ ಆಮ್ಲದ ಬಳಿಗೇ ಬಂದು ನಿಲ್ಲುತ್ತದೆ.

ಮೋಡದ ನೆರಳು, ಎಲೆಯ ನೆರಳು

ರೈತರ ಮಾತಿನಲ್ಲಿ ನೆರಳು ಒಂದೇ. ಗಿಡದ ಲೆಕ್ಕದಲ್ಲಿ ಎರಡು.

ಮೋಡ ಕವಿದಾಗ ಬೆಳಕಿನ ಪ್ರಮಾಣ ಇಳಿಯುತ್ತದೆ, ಬಣ್ಣಗಳ ನಡುವಿನ ಅನುಪಾತ ಹೆಚ್ಚು ಕೆಡುವುದಿಲ್ಲ. ನರ್ಸರಿಯ ಕಪ್ಪು ನೆರಳುಬಲೆಯ ಕೆಲಸವೂ ಇಷ್ಟೇ. ಇಂಥ ನೆರಳಿನಲ್ಲಿ ಗಿಡಕ್ಕೆ ಬಡತನ ಬರುತ್ತದೆ. ಸಕ್ಕರೆ ಕಡಿಮೆಯಾಗುತ್ತದೆ, ಸಕ್ಕರೆಯಿಂದಲೇ ಆಗಬೇಕಾದ ಫಿನಾಲು, ಟ್ಯಾನಿನ್, ಲಿಗ್ನಿನ್‌ಗಳೂ ಕಡಿಮೆಯಾಗುತ್ತವೆ. ಎಲೆ ತೆಳ್ಳಗೆ, ಅಗಲವಾಗಿ, ಮೆತ್ತಗೆ ಬೆಳೆಯುತ್ತದೆ. ಬೇರು ಸಾರಜನಕವನ್ನು ಹೀರುತ್ತಲೇ ಇದ್ದರೆ ಎಲೆಯಲ್ಲಿ ಇಂಗಾಲದ ಪಾಲು ಕುಗ್ಗಿ ಸಾರಜನಕದ ಪಾಲು ಏರುತ್ತದೆ. ಹುಳುವಿಗೆ ಇದಕ್ಕಿಂತ ಒಳ್ಳೆಯ ಊಟ ಬೇರಿಲ್ಲ. ಬ್ರಯಂಟ್, ಚೇಪಿನ್ ಮತ್ತು ಕ್ಲೈನ್ 1983ರಲ್ಲಿ ಮುಂದಿಟ್ಟ ಇಂಗಾಲ-ಪೋಷಕಾಂಶ ಸಮತೋಲನದ ಸಿದ್ಧಾಂತ ಈ ಲೆಕ್ಕಾಚಾರದ ಮೇಲೆಯೇ ನಿಂತಿದೆ. ಎಲ್ಲ ಗಿಡ, ಎಲ್ಲ ವಿಷಗಳಿಗೂ ಅದು ಹೊಂದುವುದಿಲ್ಲವೆಂದು ಮುಂದೆ ಸಾಕಷ್ಟು ಟೀಕೆ ಬಂತು. ಆದರೂ ಯೂರಿಯಾ ಚೆಲ್ಲಿ ಕಪ್ಪಗೆ ಹಸಿರೇರಿದ ಗದ್ದೆಗೆ ಹಿಂದೆಯೇ ಎಂಟು ದಿನ ಮೋಡ ಹಿಡಿದರೆ ಏನಾಗುತ್ತದೆ ಎಂಬುದನ್ನು ವಿವರಿಸಲು ಇಂದಿಗೂ ಇದೇ ಸಾಕಾಗುತ್ತದೆ.

ಎಲೆಯ ನೆರಳು ಬೇರೆ ಜಾತಿಯದು. ಎಲೆಯ ಪತ್ರಹರಿತ್ತು ಕೆಂಪು ಬೆಳಕನ್ನು ನುಂಗುತ್ತದೆ. ಅದರ ಪಕ್ಕದಲ್ಲೇ ಇರುವ, ನಮ್ಮ ಕಣ್ಣಿಗೆ ಕಂಡೂ ಕಾಣದ ದೂರಗೆಂಪು ಬೆಳಕನ್ನು ಮುಟ್ಟದೆ ಆಚೆ ಬಿಡುತ್ತದೆ, ಇಲ್ಲವೆ ಪಕ್ಕಕ್ಕೆ ಎರಚುತ್ತದೆ. ಬಯಲಿನ ಬಿಸಿಲಲ್ಲಿ ಕೆಂಪಿಗೂ ದೂರಗೆಂಪಿಗೂ ಇರುವ ಅನುಪಾತ ಸುಮಾರು 1.2, ದಟ್ಟ ಪೈರಿನ ಕೆಳಗೆ ಅದು 0.2 ಅಥವಾ ಅದಕ್ಕೂ ಕೆಳಗಿಳಿಯುತ್ತದೆ. ಈ ಅನುಪಾತವನ್ನು ಅಳೆಯುವ ವರ್ಣದ್ರವ್ಯ ಫೈಟೋಕ್ರೋಮ್. ಅಮೆರಿಕದ ಬೆಲ್ಟ್ಸ್‌ವಿಲ್‌ನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಬೋರ್ತ್‌ವಿಕ್, ಹೆಂಡ್ರಿಕ್ಸ್ ಮತ್ತು ಸಂಗಡಿಗರು 1952ರಲ್ಲಿ ಲೆಟ್ಯೂಸ್ ಬೀಜಗಳ ಮೇಲೆ ಮಾಡಿದ ಪ್ರಯೋಗದಿಂದ ಇದರ ಜಾಡು ಸಿಕ್ಕಿತು. 660 ನ್ಯಾನೊಮೀಟರಿನ ಕೆಂಪು ಬೆಳಕು ಬಿದ್ದರೆ ಅದು ಎಚ್ಚರಗೊಳ್ಳುತ್ತದೆ, 730ರ ದೂರಗೆಂಪು ಬಿದ್ದರೆ ಮಲಗುತ್ತದೆ.

ಅರ್ಜೆಂಟೀನಾದ ಬ್ಯುನಸ್ ಐರಿಸ್‌ನಲ್ಲಿ ಕೆಲಸ ಮಾಡುವ ಕಾರ್ಲೋಸ್ ಬಲ್ಲಾರೆ ಈ ಕ್ಷೇತ್ರದ ದೊಡ್ಡ ಹೆಸರು. ಪಕ್ಕದ ಗಿಡ ಇನ್ನೂ ನೆರಳು ಚೆಲ್ಲುವ ಮೊದಲೇ, ಅದರ ಮೈಯಿಂದ ಎರಚುವ ದೂರಗೆಂಪನ್ನು ಕಾಂಡವೇ ಗ್ರಹಿಸಿ ಉದ್ದವಾಗತೊಡಗುತ್ತದೆ ಎಂದು ಅವರ ತಂಡ 1990ರಲ್ಲಿ ತೋರಿಸಿತು. 2006ರಲ್ಲಿ ಅದೇ ಗುಂಪು ಕಾಡು ತಂಬಾಕಿನ ಮೇಲೆ ಇನ್ನೊಂದು ಹೆಜ್ಜೆ ಇಟ್ಟಿತು. ಗಿಡಗಳಿಗೆ ಪೂರ್ತಿ ಬಿಸಿಲು ಕೊಟ್ಟು, ಪಕ್ಕದಿಂದ ದೂರಗೆಂಪು ಬೆಳಕನ್ನು ಮಾತ್ರ ಹಾಯಿಸಿದರು. ಸಕ್ಕರೆಗೆ ಕೊರತೆಯಿಲ್ಲ, ನಿಜವಾದ ನೆರಳೂ ಇಲ್ಲ. ಆದರೂ ಗಿಡದ ರಕ್ಷಣೆ ಕುಸಿಯಿತು, ಅದನ್ನು ತಿಂದ ಹುಳು ಚೆನ್ನಾಗಿ ಬೆಳೆಯಿತು. ಹಾಗಾದರೆ ಬಡತನವೊಂದೇ ಕಾರಣವಲ್ಲ. ಗಿಡ ಬೇಕೆಂದೇ ಕಾವಲನ್ನು ಸಡಿಲಿಸಿದೆ: ಪಕ್ಕದವನು ಬಿಸಿಲು ಕಸಿಯುವ ಮೊದಲು ತಾನು ಮೇಲೇರಬೇಕು, ಹುಳುವನ್ನು ಆಮೇಲೆ ನೋಡಿಕೊಂಡರಾಯಿತು. 2009ರಲ್ಲಿ ಇದರ ಒಳಗುಟ್ಟು ಅರ್ಧ ಬಯಲಾಯಿತು. ಫೈಟೋಕ್ರೋಮ್ ಮಲಗಿದಾಗ ಗಿಡ ಜಾಸ್ಮೋನೇಟಿನ ಕರೆಗೆ ಕಿವುಡಾಗುತ್ತದೆ. ಉಳಿದರ್ಧ 2020ರಲ್ಲಿ ಸಿಕ್ಕಿತು. ಅಂಥ ಸ್ಥಿತಿಯಲ್ಲಿ ಒಂದು ಕಿಣ್ವ ಚುರುಕಾಗಿ ಜಾಸ್ಮೋನೇಟಿನ ದಾಸ್ತಾನನ್ನೇ ಬೇರೆ ನಿರುಪಯೋಗಿ ರೂಪಕ್ಕೆ ತಿರುಗಿಸಿ ಬರಿದುಮಾಡುತ್ತದೆ. ಕರೆಗೆ ಓಗೊಡುವುದು ಕಡಿಮೆ, ಕರೆಯ ದನಿಯೂ ಕಡಿಮೆ.

ಬೆಳೆಯುವುದೋ ಕಾದಾಡುವುದೋ ಎಂಬ ಈ ಇಕ್ಕಟ್ಟನ್ನು ಹರ್ಮ್ಸ್ ಮತ್ತು ಮ್ಯಾಟ್ಸನ್ 1992ರಲ್ಲಿ ಒಂದು ಪ್ರಸಿದ್ಧ ಪ್ರಬಂಧದಲ್ಲಿ ವಿವರಿಸಿದ್ದರು. ಇದು ದಾಟಲಾಗದ ಇಕ್ಕಟ್ಟೇನೂ ಅಲ್ಲ. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಗ್ರೆಗ್ ಹೋವ್ ಅವರ ತಂಡ 2016ರಲ್ಲಿ, ಜಾಸ್ಮೋನೇಟಿನ ತಡೆಗಳನ್ನೂ ಫೈಟೋಕ್ರೋಮ್ ಬಿ ವಂಶವಾಹಿಯನ್ನೂ ಒಟ್ಟಿಗೆ ತೆಗೆದುಹಾಕಿದ ಅರಾಬಿಡಾಪ್ಸಿಸ್ (ಪ್ರಯೋಗಾಲಯಗಳ ಮಾದರಿ ಸಸ್ಯ) ಗಿಡವನ್ನು ಸೃಷ್ಟಿಸಿತು. ಅದು ಚೆನ್ನಾಗಿ ಬೆಳೆಯಿತು, ಹುಳುವನ್ನೂ ತಡೆಯಿತು. ಎಂದರೆ ಬೆಳವಣಿಗೆ ಮತ್ತು ರಕ್ಷಣೆಗೆ ಜಗಳ ಹಚ್ಚುವುದು ಬರೀ ಸಕ್ಕರೆಯ ಕೊರತೆಯಲ್ಲ, ಗಿಡದೊಳಗಿನ ತಂತಿಗಳ ಜೋಡಣೆ. ಬೆಳೆ ತಳಿಗಾರರಿಗೆ ಇದು ಆಸೆ ಹುಟ್ಟಿಸುವ ಫಲಿತಾಂಶ. ಕುಂಡದ ಅರಾಬಿಡಾಪ್ಸಿಸ್‌ಗೂ ಹೊಲದ ತೊಗರಿಗೂ ನಡುವಿನ ದಾರಿ ಮಾತ್ರ ಉದ್ದವಿದೆ.

ಮೋಡಕ್ಕೆ ಸೋತ ಗೋಧಿ

ಬಿಸಿಲು ಮತ್ತು ಕೀಟನಿರೋಧದ ಸಂಬಂಧ ಲಕ್ಷಾಂತರ ಎಕರೆಯ ಮಟ್ಟದಲ್ಲಿ ಕಂಡದ್ದು ಕೆನಡಾ ಮತ್ತು ಅಮೆರಿಕದ ಉತ್ತರ ಬಯಲಿನ ಗೋಧಿ ಹೊಲಗಳಲ್ಲಿ. ಅಲ್ಲಿನ ದೊಡ್ಡ ಪಿಡುಗು ಗೋಧಿ ಕಾಂಡದ ಗರಗಸ ನೊಣ. ಹೆಸರಿಗೆ ನೊಣ, ಜಾತಿಯಲ್ಲಿ ಕಣಜದ ಬಂಧು. ಹೆಣ್ಣು ಕಾಂಡವನ್ನು ಸೀಳಿ ಒಳಗೆ ಮೊಟ್ಟೆಯಿಡುತ್ತದೆ. ಮರಿ ಟೊಳ್ಳು ಕಾಂಡದೊಳಗೆ ಮೇಲೆ ಕೆಳಗೆ ಓಡಾಡುತ್ತ ಒಳಗೋಡೆಯನ್ನು ಕೆರೆದು ತಿನ್ನುತ್ತದೆ. ಕೊಯ್ಲು ಹತ್ತಿರ ಬಂದಾಗ ಬುಡಕ್ಕಿಳಿದು, ಮಣ್ಣಿನ ಮಟ್ಟದಲ್ಲಿ ಕಾಂಡದ ಸುತ್ತ ಒಳಗಿನಿಂದಲೇ ಗರಗಸ ಹಾಕಿದಂತೆ ಕೊರೆದು, ತನ್ನ ಹಿಕ್ಕೆಯಿಂದಲೇ ಬಿರಡೆ ಮಾಡಿಕೊಂಡು ಕೂಳೆಯೊಳಗೆ ಚಳಿಗಾಲ ಕಳೆಯುತ್ತದೆ. ಗಾಳಿ ಬೀಸಿದರೆ ತೆನೆಹೊತ್ತ ಕಾಂಡಗಳು ಸಾಲುಸಾಲಾಗಿ ಮಲಗುತ್ತವೆ. ಹುಳು ಸದಾ ಕಾಂಡದೊಳಗೇ ಇರುವುದರಿಂದ ಔಷಧಿ ಹೊಡೆದು ಪ್ರಯೋಜನವಿಲ್ಲ.

ಪರಿಹಾರ ಹೊಳೆದದ್ದು ಸರಳವಾಗಿ: ಕಾಂಡ ಟೊಳ್ಳಿರದೆ ತಿರುಳು ತುಂಬಿ ಗಟ್ಟಿಯಾಗಿದ್ದರೆ ಮರಿ ಓಡಾಡುವುದೆಲ್ಲಿ? ಎಸ್-615 ಎಂಬ ಗಟ್ಟಿ ಕಾಂಡದ ಗೋಧಿಯನ್ನು ಸ್ಥಳೀಯ ತಳಿಯೊಂದಿಗೆ ಕೂಡಿಸಿ, ಸಸ್ಕಾಚೆವಾನ್ ಪ್ರಾಂತದ ಸ್ವಿಫ್ಟ್ ಕರೆಂಟ್ ಕೇಂದ್ರದಲ್ಲಿ ‘ರೆಸ್ಕ್ಯೂ’ ಎಂಬ ತಳಿ ಸಿದ್ಧವಾಯಿತು. 1946ರಲ್ಲಿ ಬಿಡುಗಡೆಯಾದ ಅದು ತನ್ನ ಹೆಸರಿಗೆ ತಕ್ಕಂತೆ ರೈತರನ್ನು ಪಾರುಮಾಡಿತು, ಆಕಾಶ ತಿಳಿಯಾಗಿದ್ದ ಕಡೆ. ಕಾಂಡ ನೀಳವಾಗುವ ವಾರಗಳಲ್ಲಿ ಮೋಡ ಕವಿದು ಮಳೆ ಹಿಡಿದರೆ ಅದೇ ತಳಿಯ ಕಾಂಡ ಅರೆಟೊಳ್ಳಾಗುತ್ತಿತ್ತು, ಗರಗಸ ನೊಣಕ್ಕೆ ದಾರಿ ತೆರೆಯುತ್ತಿತ್ತು. ನೆರಳು ಕಟ್ಟಿ ಮಾಡಿದ ಪ್ರಯೋಗಗಳೂ ಇದನ್ನೇ ಹೇಳಿದವು. ಗಿಡಗಳನ್ನು ಅಗಲ ಅಂತರದಲ್ಲಿ ಬೆಳೆದರೆ ಕಾಂಡ ಗಟ್ಟಿ, ಒತ್ತಾಗಿ ಬಿತ್ತಿದರೆ ಸಡಿಲ.

ವಂಶವಾಹಿ ಬದಲಾಗಿಲ್ಲ, ಬೀಜ ಅದೇ, ಕೀಟ ಅದೇ. ಬದಲಾದದ್ದು ಬೆಳಕು. ಗೋಧಿಯ ಕಾಂಡದಲ್ಲಿ ಎಳೆತನದಲ್ಲಿರುವ ತಿರುಳಿನ ಕೋಶಗಳು ಬೆಳೆದಂತೆ ಸಾಯುವುದರಿಂದಲೇ ಅದು ಟೊಳ್ಳಾಗುವುದು. ಗಟ್ಟಿ ಕಾಂಡದ ತಳಿಗಳಲ್ಲಿ ಈ ಸಾವು ತಡೆಹಿಡಿಯಲ್ಪಡುತ್ತದೆ. ಅದನ್ನು ನಿರ್ಧರಿಸುವ ಮುಖ್ಯ ಅಂಶ 3ಬಿ ಎಂಬ ವರ್ಣತಂತುವಿನಲ್ಲಿದೆ. ಕೀಟನಿರೋಧಕ ತಳಿ ಎಂಬ ಚೀಟಿ ಅಂಟಿಸಿದ ಚೀಲ ಕೊಳ್ಳುವಾಗ ರೆಸ್ಕ್ಯೂವಿನ ಕಥೆ ನೆನಪಿರಬೇಕು. ನಿರೋಧ ಬೀಜದಲ್ಲಿ ಬರೆದಿರುತ್ತದೆ ನಿಜ, ಓದಲು ಮಾತ್ರ ಬೆಳಕು ಬೇಕು.

ಟೊಮೆಟೊದ ಕಾಡುಬಂಧುಗಳಲ್ಲೂ ಇಂಥದೇ ಉದಾಹರಣೆಯಿದೆ. ಅವುಗಳ ಎಲೆಯ ಮೇಲಿನ ಗ್ರಂಥಿರೋಮಗಳ ತುದಿಯಲ್ಲಿ 2-ಟ್ರೈಡೆಕನೋನ್ ಎಂಬ, ಹುಳುಗಳಿಗೆ ಮಾರಕವಾದ ರಸವಿರುತ್ತದೆ. ದೀರ್ಘ ಹಗಲಿನಲ್ಲಿ ಬೆಳೆದ ಗಿಡದ ಎಲೆಯಲ್ಲಿ ಆ ರಸ ಹೆಚ್ಚು, ಕಿರುಹಗಲಿನಲ್ಲಿ ಕಡಿಮೆ ಎಂದು 1981ರಲ್ಲಿಯೇ ತಿಳಿದುಬಂದಿತ್ತು.

ನೇರಳಾತೀತ ಕಿರಣ

ಭೂಮಿಗೆ ಮುಟ್ಟುವ ಸೌರಶಕ್ತಿಯಲ್ಲಿ 280ರಿಂದ 315 ನ್ಯಾನೊಮೀಟರಿನ ನೇರಳಾತೀತ-ಬಿ ಕಿರಣದ ಪಾಲು ಶೇ. 1ಕ್ಕಿಂತ ಕಡಿಮೆ. ಈ ಕಿರಣದ ಬಹುಪಾಲನ್ನು ಓಜೋನ್ ಪದರವೇ ಹಿಡಿದುಕೊಳ್ಳುತ್ತದೆ. ದಕ್ಷಿಣ ಧ್ರುವದ ಮೇಲೆ ಓಜೋನ್ ತೂತು ಕಂಡು, 1987ರ ಮಾಂಟ್ರಿಯಲ್ ಒಪ್ಪಂದವಾದ ಮೇಲೆ ಈ ಕಿರಣ ಹೆಚ್ಚಾದರೆ ಬೆಳೆಗಳ ಗತಿಯೇನು ಎಂಬ ಆತಂಕದಿಂದ ಜಗತ್ತಿನಾದ್ಯಂತ ಪ್ರಯೋಗಗಳು ಹೆಚ್ಚಿದವು. ಆತಂಕದಿಂದ ಹೊರಟವರಿಗೆ ದಾರಿಯಲ್ಲಿ ಬೇರೆಯೇ ಸಂಗತಿ ಸಿಕ್ಕಿತು.

ಬ್ಯುನಸ್ ಐರಿಸ್‌ನ ಸೋಯಾ ಹೊಲದಲ್ಲಿ ಬಲ್ಲಾರೆಯವರ ತಂಡ ಎರಡು ಬಗೆಯ ಪ್ಲಾಸ್ಟಿಕ್ ಹಾಳೆ ಕಟ್ಟಿತು. ಎರಡೂ ನೋಡಲು ಒಂದೇ, ಎರಡೂ ಪಾರದರ್ಶಕ. ಒಂದು ನೇರಳಾತೀತ-ಬಿ ಕಿರಣವನ್ನು ಬಿಡುತ್ತದೆ, ಇನ್ನೊಂದು ತಡೆಯುತ್ತದೆ. ಥ್ರಿಪ್ಸ್ ನುಸಿಗಳು ಕಿರಣ ಬೀಳದ ಗಿಡಗಳಲ್ಲೇ ಹೆಚ್ಚಾಗಿ ಕೂಡಿದವು. ಎಲೆಗಳನ್ನು ಕಿತ್ತು ತಂದು ಪಕ್ಕಪಕ್ಕ ಇಟ್ಟಾಗಲೂ ಅವುಗಳ ಆಯ್ಕೆ ಅದೇ. ಎಂದರೆ ಎಲೆಯ ರುಚಿಯೇ ಬದಲಾಗಿತ್ತು. 1999ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಇನ್ನೊಂದು ಅಚ್ಚರಿ ಇತ್ತು: ನುಸಿಗಳು ಕಿರಣವನ್ನು ನೇರವಾಗಿಯೇ ಗ್ರಹಿಸಿ ಅದರಿಂದ ದೂರ ಸರಿಯುತ್ತಿದ್ದವು. 2001ರಲ್ಲಿ ಸೋಯಾ ಎಲೆ ತಿನ್ನುವ ವೆಲ್ವೆಟ್‌ಬೀನ್ ಕಂಬಳಿಹುಳುವಿನ ಮೇಲೂ ಇಂಥದೇ ಪರೀಕ್ಷೆ ನಡೆಯಿತು. ಪೂರ್ತಿ ಬಿಸಿಲುಂಡ ಎಲೆ ಅವಕ್ಕೂ ಹಿಡಿಸಲಿಲ್ಲ. ಮುಂದಿನ ಕೆಲಸಗಳಲ್ಲಿ ಕಾಯಿಯ ರಸ ಹೀರುವ ತಿಗಣೆಗಳ ವಿಷಯದಲ್ಲೂ ಫಲಿತಾಂಶ ಅದೇ ದಿಕ್ಕಿನದು. ಕಾಯಿಯಲ್ಲಿ ಐಸೊಫ್ಲೇವನ್‌ಗಳು ಹೆಚ್ಚಾದಷ್ಟೂ ತಿಗಣೆಯ ಕಾಟ ಕಡಿಮೆ.

ಗಿಡ ಈ ಕಿರಣವನ್ನು ಹಿಡಿಯುವುದು ಯುವಿಆರ್8 ಎಂಬ ಪ್ರೋಟೀನಿನಿಂದ. ಜೋಡಿಯಾಗಿ ಅಂಟಿಕೊಂಡಿರುವ ಎರಡು ಅಣುಗಳು ಕಿರಣ ತಾಗಿದೊಡನೆ ಬಿಡಿಯಾಗಿ ಕೆಲಸಕ್ಕಿಳಿಯುತ್ತವೆ. ಇದು ಸ್ಪಷ್ಟವಾದದ್ದು 2011ರಲ್ಲಿ. ಬಿಸಿಲೇಟಿನಿಂದ ತನ್ನ ಡಿಎನ್‌ಎಯನ್ನು ಕಾಪಾಡಿಕೊಳ್ಳಲು ಗಿಡ ಎಲೆಯ ಹೊರಪದರದಲ್ಲಿ ಫಿನಾಲು, ಫ್ಲೇವನಾಯ್ಡುಗಳನ್ನು ತುಂಬಿಕೊಳ್ಳುತ್ತದೆ. ಅದೇ ವಸ್ತುಗಳು ಹುಳುವಿನ ಹೊಟ್ಟೆಗೂ ಒಗ್ಗುವುದಿಲ್ಲ. ಕಾಡು ತಂಬಾಕಿನಲ್ಲಿ ನೋಡಿದಾಗ, ಹುಳು ಕಚ್ಚಿದಾಗ ಎಚ್ಚರಗೊಳ್ಳುವ ವಂಶವಾಹಿಗಳಲ್ಲಿ ಅನೇಕವು ಬರೀ ಬಿಸಿಲಿನ ಈ ಕಿರಣಕ್ಕೂ ಎಚ್ಚರಗೊಂಡಿದ್ದವು. ಬಿಸಿಲಿಗೆ ಹಿಡಿದ ಕೊಡೆ ಕಲ್ಲೇಟನ್ನೂ ತಡೆದಂತೆ.

ಇದರ ಇನ್ನೊಂದು ಮುಖ ಪಾಲಿಹೌಸಿನಲ್ಲಿದೆ. ಬಿಳಿನೊಣ, ಥ್ರಿಪ್ಸ್, ಸಸ್ಯಹೇನುಗಳು ದಾರಿ ಹುಡುಕಲು ನೇರಳಾತೀತ ಬೆಳಕನ್ನು ಬಳಸುತ್ತವೆ. ಅದನ್ನು ತಡೆಯುವ ಹಾಳೆ ಹೊದಿಸಿದರೆ ಒಳಗೆ ಬರುವ ಕೀಟಗಳೂ ಅವು ಹೊತ್ತು ತರುವ ನಂಜುರೋಗಗಳೂ ಕಡಿಮೆಯಾಗುತ್ತವೆ ಎಂದು ಇಸ್ರೇಲಿನಲ್ಲಿ ಯೆಹೆಜ್ಕೆಲ್ ಆಂಟಿಗ್ನಸ್ ಮತ್ತು ಸಂಗಡಿಗರು 1990ರ ದಶಕದಲ್ಲಿ ತೋರಿಸಿದರು. ಆದರೆ ಆ ಹಾಳೆಯ ಕೆಳಗಿನ ಗಿಡಕ್ಕೆ ತನ್ನ ಎಲೆಯನ್ನು ಗಟ್ಟಿಮಾಡಿಕೊಳ್ಳುವ ಸೂಚನೆಯೂ ಸಿಗುವುದಿಲ್ಲ. ಕಳ್ಳನ ಕಣ್ಣು ಕಟ್ಟಿದ್ದೇವೆ, ಜೊತೆಗೆ ಮನೆಯ ಬಾಗಿಲನ್ನೂ ತೆಳ್ಳಗೆ ಮಾಡಿದ್ದೇವೆ. ಹೇಗೋ ಒಳನುಸುಳಿದ ಕೆಲವೇ ನುಸಿಗಳು ಪಾಲಿಹೌಸಿನ ದೊಣ್ಣೆಮೆಣಸಿನಲ್ಲಿ ಅಷ್ಟು ಬೇಗ ಹೆಚ್ಚುವುದಕ್ಕೆ ಒಳಗಿನ ಸೆಖೆ, ಶತ್ರುಕೀಟಗಳ ಗೈರುಹಾಜರಿಗಳ ಜೊತೆ ಇದನ್ನೂ ಸೇರಿಸಿ ನೋಡಬೇಕು ಎಂಬುದು ಈ ಲೇಖಕನ ಅಭಿಪ್ರಾಯ.

ಬಿಸಿಲು ತಾಗಿದರೆ ಹರಿತವಾಗುವ ವಿಷ

ಕೆಲವು ಸಸ್ಯವಿಷಗಳು ಕತ್ತಲೆಯಲ್ಲಿ ನಿರುಪದ್ರವಿ, ಬೆಳಕು ಬಿದ್ದೊಡನೆ ಮಾರಕ. ನಿಂಬೆ ಸಿಪ್ಪೆಯ ರಸ ತಾಗಿದ ಕೈಯನ್ನು ತೊಳೆಯದೆ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಏಳುವುದು ಇದೇ ಬಗೆಯ ವಸ್ತುಗಳಿಂದ. ತೊನ್ನಿಗೆ ಬಾವಂಚಿ ಬೀಜದ ಲೇಪ ಹಚ್ಚಿ ಬಿಸಿಲು ಕಾಯಿಸುವ ಹಳೆಯ ಚಿಕಿತ್ಸೆಯ ಹಿಂದಿರುವುದೂ ಇದೇ ಬಳಗದ ಸೊರಾಲೆನ್.

ಕ್ಯಾರೆಟ್, ಸೆಲರಿ, ಪಾರ್ಸ್‌ನಿಪ್‌ಗಳ ಕುಟುಂಬದಲ್ಲಿ ಈ ಫ್ಯೂರಾನೊಕೂಮರಿನ್‌ಗಳು ಹೇರಳ. ಅಮೆರಿಕದ ಕೀಟವಿಜ್ಞಾನಿ ಮೇ ಬೆರೆನ್‌ಬಾಮ್ 1978ರಲ್ಲಿ ಇವುಗಳಲ್ಲೊಂದನ್ನು ಸೈನಿಕ ಹುಳುವಿನ ಆಹಾರದಲ್ಲಿ ಬೆರೆಸಿ ನೋಡಿದರು. ನೇರಳಾತೀತ ಬೆಳಕಿನಲ್ಲಿ ಅದರ ವಿಷ ಏರಿತು. ಹುಳುಗಳೂ ಸುಮ್ಮನೆ ಕೂತಿಲ್ಲ. ಬೆಳಕಿನಿಂದ ಹರಿತವಾಗುವ ಹೈಪರಿಸಿನ್ ಇರುವ ಗಿಡವನ್ನು ತಿನ್ನುವ ಕೆಲವು ಮರಿಗಳು ಎಲೆಯನ್ನು ನೂಲಿನಿಂದ ಸುತ್ತಿ, ಕತ್ತಲ ಕೋಣೆ ಮಾಡಿಕೊಂಡು ಒಳಗೆ ಕುಳಿತು ತಿನ್ನುತ್ತವೆ. ಭತ್ತದ ಎಲೆ ಸುರುಳಿ ಹುಳುವಿನ ಚಾಳಿ ಇದನ್ನು ಹೋಲುತ್ತದೆ. ಭತ್ತದಲ್ಲಿ ಇಂಥ ವಿಷವಿಲ್ಲದ್ದರಿಂದ ಅದರ ಕಾರಣ ಬೇರೆ ಇರಬೇಕು.

ಚೆಂಡು ಹೂವಿನ ಗಿಡದಲ್ಲಿರುವ ಆಲ್ಫಾ-ಟರ್ಥೈನಿಲ್ ಕೂಡ ಬೆಳಕಿನಲ್ಲಿ ಆಮ್ಲಜನಕವನ್ನು ಉರಿಗೊಳಿಸಿ ಕೊಲ್ಲುವ ವಿಷ. ಟೊಮೆಟೊ ಸಾಲುಗಳ ನಡುವೆ ಚೆಂಡು ಹೂ ಹಾಕುವ ಪದ್ಧತಿಗೆ ಇದೇ ಕಾರಣವೆಂದು ಬರೆಯುವವರಿದ್ದಾರೆ. ಅದು ಸರಿಯಲ್ಲ. 16 ಸಾಲು ಟೊಮೆಟೊಗೆ 1 ಸಾಲು ಚೆಂಡು ಹೂ ಎಂಬ ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಶಿಫಾರಸಿನಲ್ಲಿ ಚೆಂಡು ಹೂವಿನ ಕೆಲಸ ಕಾಯಿಕೊರಕದ ಪತಂಗವನ್ನು ತನ್ನತ್ತ ಸೆಳೆದು ಮೊಟ್ಟೆ ಇಡಿಸಿಕೊಳ್ಳುವುದು, ಓಡಿಸುವುದಲ್ಲ.

ಗಿಡದ ವಿಷವನ್ನು ಹರಿತಗೊಳಿಸುವ ಬಿಸಿಲು ಮನುಷ್ಯ ಸಿಂಪಡಿಸುವ ಜೈವಿಕ ಔಷಧಿಯನ್ನು ಹಾಳುಮಾಡುತ್ತದೆ. ಬೇವಿನ ಅಜಾಡಿರಾಕ್ಟಿನ್, ಬಿಟಿ ಪುಡಿ, ತೊಗರಿಯ ಕಾಯಿಕೊರಕಕ್ಕೆ ಹೊಡೆಯುವ ಎನ್‌ಪಿವಿ ನಂಜಾಣು ಎಲ್ಲವೂ ನೇರಳಾತೀತಕ್ಕೆ ಬೇಗ ಕೆಡುತ್ತವೆ. ಇವನ್ನು ಸಂಜೆಯೇ ಹೊಡೆಯಬೇಕು ಎನ್ನುವುದು ಅದಕ್ಕೇ.

ಹಗಲಿನ ಕೆಲಸ, ಇರುಳಿನ ಕೆಲಸ

ಗಿಡಕ್ಕೆ ಒಳಗಡಿಯಾರವಿದೆ, ಅದಕ್ಕೆ ಕೀಲಿ ಕೊಡುವುದು ಸೂರ್ಯೋದಯ. ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಡೇನಿಯೆಲ್ ಗುಡ್‌ಸ್ಪೀಡ್, ಜಾನೆಟ್ ಬ್ರಾಮ್ ಮತ್ತು ಸಂಗಡಿಗರು 2012ರಲ್ಲಿ ಅರಾಬಿಡಾಪ್ಸಿಸ್ ಗಿಡಗಳನ್ನೂ ಕೋಸಿನ ಹುಳುಗಳನ್ನೂ ಬೇರೆಬೇರೆ ಹಗಲಿರುಳಿಗೆ ಒಗ್ಗಿಸಿ, ಬಳಿಕ ಒಟ್ಟಿಗೆ ಬಿಟ್ಟರು. ಗಿಡದ ಹಗಲೂ ಹುಳುವಿನ ಹಗಲೂ ಹೊಂದಿಕೆಯಾಗಿದ್ದರೆ ಹಾನಿ ಕಡಿಮೆ, ತಿರುಗುಮುರುಗಾದರೆ ಹೆಚ್ಚು. ಹುಳು ಹೊಟ್ಟೆತುಂಬ ತಿನ್ನುವ ಹಗಲಿನ ಹೊತ್ತಿಗೇ ಗಿಡ ಜಾಸ್ಮೋನೇಟನ್ನು ಏರಿಸಿಕೊಂಡು ಸಿದ್ಧವಾಗಿರುತ್ತಿತ್ತು. ಮರುವರ್ಷ ಅವರು ಅಂಗಡಿಯಿಂದ ತಂದ ಎಲೆಕೋಸಿನ ಮೇಲೂ ಪರೀಕ್ಷೆ ಮಾಡಿದರು. ಕೊಯ್ದು ತಂದ ಕೋಸೂ ಬೆಳಕು-ಕತ್ತಲೆಯ ಲಯ ಸಿಕ್ಕರೆ ಹುಳುವನ್ನು ಹೆಚ್ಚು ತಡೆಯುತ್ತಿತ್ತು.

ಸಹಾಯಕ್ಕೆ ಕೂಗುವುದಕ್ಕೂ ಗಿಡಕ್ಕೆ ಬಿಸಿಲು ಬೇಕು. ಹುಳು ಕಚ್ಚಿದ ಮುಸುಕಿನ ಜೋಳ ಗಾಳಿಗೆ ಬಿಡುವ ವಾಸನೆ ಹಿಡಿದು ಪರತಂತ್ರ ಕಣಜಗಳು ಬರುತ್ತವೆ ಎಂದು ಟೆಡ್ ಟರ್ಲಿಂಗ್ಸ್ ಮತ್ತು ಸಂಗಡಿಗರು 1990ರಲ್ಲಿ ತೋರಿಸಿದ್ದರು. ಹತ್ತಿಯಲ್ಲಿ ಈ ವಾಸನೆ ಹಗಲಿಗೆ ಏರಿ ರಾತ್ರಿ ಇಳಿಯುತ್ತದೆ. ಕಣಜ ಹಾರುವುದೂ ಹಗಲಲ್ಲೇ. ತಂಬಾಕು ಇನ್ನೂ ಜಾಣ: ಹುಳು ಬಿದ್ದ ಗಿಡ ರಾತ್ರಿ ಬೇರೆಯೇ ವಾಸನೆ ಹೊಮ್ಮಿಸಿ, ಮೊಟ್ಟೆಯಿಡಲು ಬರುವ ನಿಶಾಚರ ಪತಂಗವನ್ನು ಓಡಿಸುತ್ತದೆ ಎಂದು 2001ರಲ್ಲಿ ವರದಿಯಾಯಿತು. 2018ರಲ್ಲಿ ಶಿವಮೊಗ್ಗದ ಮುಸುಕಿನ ಜೋಳದಲ್ಲಿ ಭಾರತದಲ್ಲೇ ಮೊದಲು ಗುರುತಾದ ಫಾಲ್ ಸೈನಿಕ ಹುಳು ಮಾತ್ರ ಇಂಥ ಅಡ್ಡಿಗಳನ್ನೆಲ್ಲ ಬಳಸಿ ದಾಟುವುದರಲ್ಲಿ ಪಳಗಿದೆ. ಹಗಲೆಲ್ಲ ಸುಳಿಯೊಳಗೆ ಕತ್ತಲಲ್ಲಿ ಅಡಗಿರುತ್ತದೆ, ಮುಸುಕಿನ ಜೋಳದ ಮುಖ್ಯ ವಿಷವನ್ನು ಸಕ್ಕರೆಗೆ ಅಂಟಿಸಿ ನಿರ್ವಿಷ ಮಾಡಿಕೊಳ್ಳುತ್ತದೆ.

ಬೇಸಾಯದಲ್ಲಿ

ಮೋಡ ಕವಿದರೆ ಹುಳು ಬೀಳುತ್ತದೆ ಎಂಬುದು ಕಲಬುರಗಿಯ ತೊಗರಿ ರೈತನ ಅನುಭವ. ಮೋಡದೊಡನೆ ತೇವ ಬರುತ್ತದೆ, ಮೊಟ್ಟೆ ಒಣಗುವುದಿಲ್ಲ, ತುಂತುರು ಬಿದ್ದರೆ ಕಡಲೆಯ ಹುಳಿ ತೊಳೆದುಹೋಗುತ್ತದೆ, ಗಿಡದ ಸಕ್ಕರೆಯೂ ತಗ್ಗುತ್ತದೆ. ಇವುಗಳಲ್ಲಿ ಯಾವುದಕ್ಕೆ ಎಷ್ಟು ಪಾಲು ಎಂದು ಒಂದು ಹೊಲದಲ್ಲಿ ನಿಂತು ಬೇರ್ಪಡಿಸಲಾಗದು. ಎಲ್ಲವನ್ನೂ ಗಿಡದ ರಕ್ಷಣೆಯ ತಲೆಗೆ ಕಟ್ಟುವುದು ತಪ್ಪಾಗುತ್ತದೆ.

ಭತ್ತದಲ್ಲಿ ಮಾಡಬಹುದಾದದ್ದು ಸ್ಪಷ್ಟವಿದೆ. ಕಂದು ಜಿಗಿಹುಳು ಒತ್ತು ನಾಟಿಯ ಬುಡದ ತಂಪು ನೆರಳಲ್ಲಿ ಹೆಚ್ಚುತ್ತದೆ. ಅದಕ್ಕೆಂದೇ ನಾಟಿ ಮಾಡುವಾಗ ಪ್ರತಿ ಎರಡು-ಮೂರು ಮೀಟರಿಗೆ 30 ಸೆಂಟಿಮೀಟರ್ ಅಗಲದ ಓಣಿ ಬಿಡಲು ಹೇಳುತ್ತಾರೆ. ಬುಡಕ್ಕೆ ಬೆಳಕು, ಗಾಳಿ ಎರಡೂ ಸಿಗುತ್ತವೆ. ಎಲೆ ಸುರುಳಿ ಹುಳು ಬದುವಿನ ಮರದ ನೆರಳು ಬೀಳುವ ಮೂಲೆಯಲ್ಲಿ, ಯೂರಿಯಾ ಹೆಚ್ಚಾದ ಕಡೆ ಮೊದಲು ಕಾಣಿಸಿಕೊಳ್ಳುತ್ತದೆ.

ಬಿಸಿಲು ಹೆಚ್ಚಿದಷ್ಟೂ ಕೀಟ ಕಡಿಮೆ ಎಂದು ತೀರ್ಮಾನಿಸುವವರು ಮಲೆನಾಡಿನ ಕಾಫಿ ತೋಟ ನೋಡಬೇಕು. ಅರೇಬಿಕಾ ಕಾಫಿಯ ಪರಮ ಶತ್ರು ಬಿಳಿ ಕಾಂಡಕೊರಕ ಬಿಸಿಲುಪ್ರಿಯ ದುಂಬಿ. ಏಪ್ರಿಲ್‌ನಿಂದ ಜೂನ್, ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್ ಅದು ಹಾರಾಡುವ ಕಾಲ. ಬಿಸಿಲು ಬಿದ್ದ ಕಾಂಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ, ಮರಿ ಮರದೊಳಗೆ ಕೊರೆದು ಗಿಡವನ್ನೇ ಕೊಲ್ಲುತ್ತದೆ. ಇಲ್ಲಿ ಬಿಸಿಲು ಗಿಡಕ್ಕೆ ಏನು ಮಾಡುತ್ತದೆ ಎಂಬುದಕ್ಕಿಂತ ದುಂಬಿಗೆ ಏನು ಮಾಡುತ್ತದೆ ಎಂಬುದೇ ಹೆಚ್ಚಿನದು. ಹಾಲುವಾಣ, ಹಲಸು, ಅತ್ತಿಯ ನೆರಳು ಕೆಡದಂತೆ ನೋಡಿಕೊಳ್ಳುವುದೇ ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರಿಗೆ ಮೊದಲ ಔಷಧಿ. ಕಾಫಿ ಕಾಯಿಕೊರಕ ಇದಕ್ಕೆ ತದ್ವಿರುದ್ಧ. 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಭಾರತಕ್ಕೆ ಕಾಲಿಟ್ಟ ಅದಕ್ಕೆ ದಟ್ಟ ನೆರಳೇ ಪ್ರೀತಿ.

ಅದೇ ತೋಟದ ನೆರಳುಮರಗಳ ಮೇಲೆ ಕಾಳುಮೆಣಸಿನ ಬಳ್ಳಿ ಹಬ್ಬಿರುತ್ತದೆ. ಮೆಣಸಿನ ಕಾಳನ್ನು ಒಳಗಿನಿಂದ ತಿಂದು ಬರಿಯ ಸಿಪ್ಪೆ ಉಳಿಸುವ ಪೊಳ್ಳು ದುಂಬಿಯ ಹಾವಳಿ ನೆರಳು ಹೆಚ್ಚಿದ್ದಲ್ಲಿ ಹೆಚ್ಚು, ಬಿಸಿಲು ಬಿದ್ದಲ್ಲಿ ಕಡಿಮೆ. ಕಾಫಿಗೆ ಬೇಕೆಂದು ಉಳಿಸಿಕೊಂಡ ಕೊಂಬೆಯನ್ನು ಮೆಣಸಿಗೆ ಬೇಡವೆಂದು ಸವರಬೇಕಾಗುತ್ತದೆ. ಮುಂಗಾರಿಗೆ ಮುಂಚೆ ಮರಗಸಿ ಮಾಡುವ ಆಳು ಹಗ್ಗ ಕಟ್ಟಿಕೊಂಡು ಮರ ಹತ್ತಿ, ಯಾವ ಕೊಂಬೆ ಉಳಿಸಲಿ ಎಂದು ಮೇಲಿಂದ ಕೂಗಿ ಕೇಳುವುದು ಇದನ್ನೇ.